ಕಿವಿ ಮೊದಲು, ಕೈ ಆಮೇಲೆ, ಅಕ್ಷರ ಕೊನೆಗೆ: ಕೊಡಗಿನ ಕ್ರೈಸ್ತ ಮನೆಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆ

ಮೂರು ವರ್ಷದ ಮಗುವನ್ನು ಬೆಳಗಿನ ಏಳಕ್ಕೆ ಎಬ್ಬಿಸಿ, ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿ, ತೋಟದ ಗೇಟಿನವರೆಗೆ ನಡೆಸಿ ವ್ಯಾನ್ ಹತ್ತಿಸುವುದು ಕೊಡಗಿನ ಜಡಿಮಳೆಯಲ್ಲಿ ಸಣ್ಣ ಕೆಲಸವಲ್ಲ. ಆರು ತುಂಬುವ ತನಕ ಮನೆಯಲ್ಲೇ ಕಲಿಸೋಣ ಎಂದು ಹಲವರು ಯೋಚಿಸುವುದಕ್ಕೆ ಅದೂ ಒಂದು ಕಾರಣ. ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ಕಾರಣವಿದೆ. ಪ್ರಾರ್ಥನೆ, ಹಾಡು, ಸತ್ಯವೇದದ ಕಥೆ ಮಗುವಿನ ಮೊದಲ ಮಾತುಗಳ ಜೊತೆಗೇ ಬೆಳೆಯಲಿ ಎಂಬ ಆಸೆ. ಎರಡೂ ಒಳ್ಳೆಯ ಕಾರಣಗಳೇ. ಆದರೆ ನಿರ್ಧಾರ ಮಾಡಿದ ಮರುದಿನವೇ ಬಹಳ ಮನೆಗಳಲ್ಲಿ ಒಂದು ತಪ್ಪಾಗುತ್ತದೆ: ಎಲ್‌ಕೆಜಿ ಪುಸ್ತಕಗಳ ಸೆಟ್ ತಂದು, ಊಟದ ಮೇಜಿನ ಮುಂದೆ ಮಗುವನ್ನು ಕೂರಿಸಿ, ಕೈಗೆ ಪೆನ್ಸಿಲ್ ಕೊಡುತ್ತಾರೆ.

ಈ ವಯಸ್ಸಿನ ಮಗು ಮೊದಲು ಕಿವಿಯಿಂದ ಕಲಿಯುತ್ತದೆ, ಆಮೇಲೆ ಕೈಯಿಂದ. ಕಣ್ಣು ಅಕ್ಷರದ ಮೇಲೆ ನಿಲ್ಲುವುದು ಎಲ್ಲಕ್ಕಿಂತ ಕೊನೆಗೆ. ವಿಶ್ವಾಸವೂ ಮಗುವಿನೊಳಗೆ ಬರುವುದು ಇದೇ ದಾರಿಯಲ್ಲಿ. ಈ ಕ್ರಮ ಕೆಡದಂತೆ ನೋಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಮೊದಲು ಕಾಗದಪತ್ರದ ವಿಷಯ ಮುಗಿಸಿಕೊಳ್ಳಿ

2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಲು ಯಾರ ಅನುಮತಿಯೂ ಬೇಡ, ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ, ಯುಕೆಜಿ ಮುಗಿಸಿದ ಮಕ್ಕಳಿಗೆ ಎಂಬ ಷರತ್ತು ಹಾಕಿದ್ದರು. ಮನೆಯಲ್ಲಿ ಕಲಿತ ಮಗುವಿನ ಹತ್ತಿರ ಯುಕೆಜಿ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ, ಇಂಥ ಸಡಿಲಿಕೆಯನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಆರು ತುಂಬುವ ವರ್ಷವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಮನೆಯಲ್ಲಿ ಕಲಿಸುತ್ತೇವೆ ಎಂದು ಅಂಗನವಾಡಿಯ ಸಂಬಂಧ ಕಡಿದುಕೊಳ್ಳಬೇಡಿ. ಹೆಸರು ಅಲ್ಲಿರಲಿ. ತೂಕ, ಎತ್ತರ ನೋಡುವುದು, ಪೌಷ್ಟಿಕ ಆಹಾರ, ಜಂತುಹುಳದ ಮಾತ್ರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಆಗುವ ತಪಾಸಣೆ, ಇವೆಲ್ಲ ಅಲ್ಲಿಂದಲೇ ಸಿಗುತ್ತವೆ. ಶಾಲೆಗೆ ಹೋಗದ ಮಕ್ಕಳಿಗೆ ಹೆಚ್ಚಾಗಿ ತಪ್ಪಿಹೋಗುವುದು ಎರಡು: 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ, ಮತ್ತು 5–6 ವರ್ಷದ ನಡುವೆ ಹಾಕಿಸಬೇಕಾದ ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್. ತಾಯಿ ಕಾರ್ಡ್ ತೆಗೆದು ಈ ಎರಡು ದಿನಾಂಕಗಳನ್ನು ಈ ವರ್ಷದ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.

ಯಾವ ಭಾಷೆ?

ಕೊಡಗಿನ ಕ್ರೈಸ್ತ ಮನೆಗಳಲ್ಲಿ ಒಂದೇ ಭಾಷೆ ಇಲ್ಲ. ಮಂಗಳೂರು ಕಡೆಯ ಕಥೋಲಿಕರ ಮನೆಯಲ್ಲಿ ಕೊಂಕಣಿ, ಕೇರಳದ ಕಡೆಯವರಲ್ಲಿ ಮಲಯಾಳಂ, ತೋಟದ ಕೆಲಸಕ್ಕೆ ಬಂದು ನೆಲೆಸಿದವರಲ್ಲಿ ತಮಿಳು, ಮಿಷನ್ ಕಾಲದಿಂದ ಬಂದ ಸಭೆಗಳಲ್ಲಿ ಕನ್ನಡ. ಆಟದ ಜೊತೆಗಾರರು ಕೊಡವ ತಕ್ಕೋ ಅರೆಭಾಷೆಯೋ ಆಡುತ್ತಿರಬಹುದು. ಇದರಿಂದ ಮಗುವಿಗೆ ಗೊಂದಲವಾಗುತ್ತದೆ ಎಂದು ಹೆದರಿ ಮನೆಯಲ್ಲೂ ಅರೆಬರೆ ಇಂಗ್ಲಿಷ್ ಶುರು ಮಾಡುವುದು ದೊಡ್ಡ ನಷ್ಟ. ಮೂರು ವರ್ಷದ ಮಗು ಎರಡು ಮೂರು ಭಾಷೆಯನ್ನು ಸಲೀಸಾಗಿ ಹೊರುತ್ತದೆ. ಅದು ಹೊರಲಾರದ್ದು, ಅಪ್ಪ ಅಮ್ಮನೇ ತಡವರಿಸುತ್ತಾ ಆಡುವ ಭಾಷೆಯನ್ನು.

ಹೀಗೆ ಮಾಡಿ. ಪ್ರಾರ್ಥನೆ ಮತ್ತು ಮುದ್ದಿನ ಮಾತು ಮನೆಭಾಷೆಯಲ್ಲೇ ಇರಲಿ. ಕನ್ನಡವನ್ನು ಮನೆಯಲ್ಲಿ ಅದು ಚೆನ್ನಾಗಿ ಬಲ್ಲ ಒಬ್ಬರು ದಿನಾ ನಿಗದಿತ ಹೊತ್ತಿನಲ್ಲಿ ಆಡಲಿ. ಅಜ್ಜಿ ಸಂಜೆ ಕನ್ನಡದಲ್ಲೇ ಕಥೆ ಹೇಳುತ್ತಾರೆ ಎಂದಾದರೆ ಅದು ದಿನವೂ ಹಾಗೇ ನಡೆಯಲಿ. ಓದು ಕಲಿಯುವ ಮೊದಲ ಲಿಪಿ ಕನ್ನಡವೇ ಆಗುವುದು ಸುಲಭ, ಏಕೆಂದರೆ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಇಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ದಿನದ ಚೌಕಟ್ಟು

ಸತ್ಯವೇದದ ಧರ್ಮೋಪದೇಶಕಾಂಡ 6:7ರಲ್ಲಿ ಮಕ್ಕಳಿಗೆ ಕಲಿಸುವ ಹೊತ್ತುಗಳನ್ನೇ ಹೇಳಿದೆ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಪುಟ್ಟ ಮಕ್ಕಳ ವೇಳಾಪಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ನಾಲ್ಕರಲ್ಲಿ ಕೂತು ಕಲಿಯುವುದು ಒಂದೇ ಎಂಬುದನ್ನು ಗಮನಿಸಿ.

ಎದ್ದ ಕೂಡಲೇ ಒಂದು ಸಾಲಿನ ಪ್ರಾರ್ಥನೆ ಮತ್ತು ಒಂದು ಹಾಡು, ಎರಡು ನಿಮಿಷ. ತಿಂಡಿಯಾದ ಮೇಲೆ ಕೂತು ಮಾಡುವ ಕೆಲಸ. ಅದು ಮೂರು ವರ್ಷದವರಿಗೆ ಇಡೀ ದಿನಕ್ಕೆ 15–20 ನಿಮಿಷ, ನಾಲ್ಕಕ್ಕೆ ಅರ್ಧ ಗಂಟೆ, ಐದು ದಾಟಿದವರಿಗೆ 45 ನಿಮಿಷ ಸಾಕು, ಅದೂ ಎರಡು ಮೂರು ತುಂಡು ಮಾಡಿ. ಆಮೇಲೆ ನಡಿಗೆ: ಕಣದ ಸುತ್ತ, ಕೆರೆ ದಾರಿಯಲ್ಲಿ, ಕೊಟ್ಟಿಗೆಗೆ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವ ಹಾಗೆ ಓಡಿ ಕುಣಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ನಿದ್ದೆ 10ರಿಂದ 13 ಗಂಟೆ, ಪರದೆ ಒಂದು ಗಂಟೆ ಮೀರಬಾರದು ಎಂದೂ ಅದರಲ್ಲಿದೆ. ಬೈಬಲ್ ಕಥೆಯ ಕಾರ್ಟೂನೂ ಪರದೆಯೇ, ಆ ಗಂಟೆಯಲ್ಲೇ ಲೆಕ್ಕಕ್ಕೆ ಬರುತ್ತದೆ.

ಆನೆ ಓಡಾಡುವ ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ನಡಿಗೆಯನ್ನು ಬೆಳಗಿನ ಒಂಬತ್ತರ ಮೇಲೆ, ಸಂಜೆ ನಾಲ್ಕರ ಒಳಗೆ ಇಟ್ಟುಕೊಳ್ಳಿ. ಹೊರಡುವ ಮೊದಲು ಆ ದಿನ ಆನೆ ಎಲ್ಲಿದೆ ಎಂದು ಕೆಲಸದವರನ್ನು ಕೇಳಿ.

ಮಲಗುವ ಹೊತ್ತಿನ ಕಥೆ ಅಪ್ಪನದಾಗಿರಲಿ. ಇಡೀ ಹೊರೆ ಅಮ್ಮನ ಮೇಲೆ ಬಿದ್ದ ಮನೆಗಳಲ್ಲಿ ಕೆಲವೇ ತಿಂಗಳಲ್ಲಿ ಅವರು ಸೋತುಹೋಗುತ್ತಾರೆ, ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ.

ಒಂದು ಕಥೆ, ಒಂದು ವಾರ

ದಿನಕ್ಕೊಂದು ಬೈಬಲ್ ಕಥೆ ಹೇಳಿದರೆ ಮಗುವಿನಲ್ಲಿ ಏನೂ ಉಳಿಯುವುದಿಲ್ಲ. ವಾರಕ್ಕೆ ಒಂದೇ ಕಥೆ ತೆಗೆದುಕೊಳ್ಳಿ, ಅದನ್ನೂ ದಿನಾ ಅದೇ ಮಾತುಗಳಲ್ಲಿ ಹೇಳಿ. ಲೂಕ 15ರಲ್ಲಿ ಬರುವ ಕಳೆದುಹೋದ ನಾಣ್ಯದ ಕಥೆಯಿಂದ ಶುರು ಮಾಡುವುದು ಒಳ್ಳೆಯದು. ಪುಟ್ಟದು, ಮನೆಯೊಳಗೇ ನಡೆಯುತ್ತದೆ, ಪೊರಕೆ ದೀಪ ಎರಡೂ ಮಗುವಿಗೆ ಗೊತ್ತು.

ಸೋಮವಾರ ಪುಸ್ತಕವೂ ಬೇಡ, ಚಿತ್ರವೂ ಬೇಡ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿ: "ಒಬ್ಬ ಅಮ್ಮನ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇತ್ತು. ಒಂದು ಕಳೆದುಹೋಯ್ತು. ದೀಪ ಹಚ್ಚಿದಳು. ಮನೆಯೆಲ್ಲ ಗುಡಿಸಿದಳು. ಹುಡುಕಿದಳು, ಹುಡುಕಿದಳು, ಹುಡುಕಿದಳು. ಸಿಕ್ಕೇಬಿಟ್ಟಿತು! ಅಕ್ಕಪಕ್ಕದವರನ್ನೆಲ್ಲ ಕರೆದು ಬನ್ನಿ, ಸಂತೋಷಪಡೋಣ ಅಂದಳು. ನಾವು ಸಿಕ್ಕಿದಾಗ ದೇವರಿಗೂ ಇಷ್ಟೇ ಸಂತೋಷ." ಇಷ್ಟೇ. ಮೂರು ಸಲ ಬರುವ 'ಹುಡುಕಿದಳು' ಎಂಬಲ್ಲಿ ದನಿ ತಗ್ಗಿಸಿ. ಬುಧವಾರದ ಹೊತ್ತಿಗೆ ಅದನ್ನು ಮಗುವೇ ಹೇಳುತ್ತದೆ.

ಮಂಗಳವಾರ ಹತ್ತು ಡಬ್ಬಿ ಮುಚ್ಚಳ ತನ್ನಿ, ಹಾರ್ಲಿಕ್ಸ್ ಬಾಟಲಿಯದ್ದೋ ಉಪ್ಪಿನಕಾಯಿ ಬಾಟಲಿಯದ್ದೋ. ನಿಜವಾದ ನಾಣ್ಯ ಐದು ವರ್ಷದೊಳಗಿನವರಿಗೆ ಬೇಡ, ನುಂಗುತ್ತಾರೆ. ಒಂದೊಂದಾಗಿ ಎಣಿಸುತ್ತಾ ಸಾಲಾಗಿ ಇಡಿ, ಕಥೆ ಹೇಳುತ್ತಾ ಒಂದನ್ನು ಮುಚ್ಚಿಡಿ. ಬುಧವಾರ ಕೋಣೆಯ ಕಿಟಕಿ ಮುಚ್ಚಿ ಮಗುವಿನ ಕೈಗೆ ಟಾರ್ಚ್ ಮತ್ತು ಚಿಕ್ಕ ಪೊರಕೆ ಕೊಡಿ. ಮುಚ್ಚಳವನ್ನು ಕಾಲೊರಸುವ ಗೋಣಿಯ ಕೆಳಗೋ ಬೀರುವಿನ ಕಾಲಿನ ಹಿಂದೋ ಇಟ್ಟು ಹುಡುಕಿಸಿ. ಸಿಕ್ಕಿದ ಕೂಡಲೇ ಮನೆಯಲ್ಲಿದ್ದವರೆಲ್ಲ ಓಡಿ ಬಂದು ಚಪ್ಪಾಳೆ ತಟ್ಟಬೇಕು. ಇದನ್ನು ಬಿಡಬೇಡಿ, ಕಥೆಯ ತಿರುಳು ಇರುವುದೇ ಆ ಚಪ್ಪಾಳೆಯಲ್ಲಿ. ಗುರುವಾರ ಮಗು ಅಡಗಿಸಲಿ, ನೀವು ಹುಡುಕಿ. ಶುಕ್ರವಾರ ಚಿತ್ರ ಬಿಡಿಸಲಿ, ಅದರ ಬಗ್ಗೆ ಅದು ಏನು ಹೇಳುತ್ತದೋ ಅದನ್ನು ಒಂದಕ್ಷರ ತಿದ್ದದೆ ಕೆಳಗೆ ನೀವು ಬರೆಯಿರಿ. ಭಾನುವಾರ ಪೂಜೆಯೋ ಆರಾಧನೆಯೋ ಮುಗಿಸಿ ಬಂದ ಮೇಲೆ ತಾತನಿಗೋ ಚಿಕ್ಕಮ್ಮನಿಗೋ ಮಗು ಕಥೆ ಹೇಳಲಿ.

ಒಂದೇ ಆಟದಲ್ಲಿ ಹತ್ತರವರೆಗೆ ಎಣಿಕೆ ಬಂತು, ಹತ್ತರಲ್ಲಿ ಒಂದು ಹೋದರೆ ಒಂಬತ್ತು ಎಂಬುದೂ ಬಂತು. ಮೇಲೆ, ಕೆಳಗೆ, ಹಿಂದೆ ಎಂಬ ಮಾತುಗಳು ಬಂದವು, ಗುಡಿಸುವ ಕೈಗೆಲಸವೂ ಬಂತು. ಹಾಗಾಗಿ ದೇವರ ಪಾಠ ಬೇರೆ, ಲೆಕ್ಕ ಬೇರೆ ಎಂದು ಪೀರಿಯಡ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಕಥೆಯ ಕೊನೆಗೆ "ಅದಕ್ಕೇ ನೀನೂ ಅಮ್ಮನ ಮಾತು ಕೇಳಬೇಕು" ಎಂದು ಅಂಟಿಸಬೇಡಿ. ಮಗು ಕಥೆಯನ್ನು ಬಿಟ್ಟು ಬೈಗುಳವನ್ನು ನೆನಪಿಟ್ಟುಕೊಳ್ಳುತ್ತದೆ.

ಯಾವ ಕಥೆ ಯಾವಾಗ ಎಂಬುದಕ್ಕೂ ವಿವೇಚನೆ ಬೇಕು. ಐದು ರೊಟ್ಟಿ ಎರಡು ಮೀನಿನ ಕಥೆಯನ್ನು ಅಕ್ಕಿರೊಟ್ಟಿ ತಟ್ಟುವ ದಿನ ಹೇಳಿ. ಮರ ಹತ್ತಿದ ಜಕ್ಕಾಯನ ಕಥೆಗೆ ಮೆಣಸು ಕೊಯ್ಯುವ ಏಣಿ ಮರಕ್ಕೆ ಒರಗಿರುವ ಫೆಬ್ರವರಿ–ಮಾರ್ಚ್ ಒಳ್ಳೆಯ ಕಾಲ. ಬೆತ್ಲೆಹೇಮಿನ ಕಥೆ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರಕ್ಕೆ ಸರಿಯಾಗಿ ಹಂಚಿಕೊಳ್ಳುತ್ತದೆ: ಮೊದಲ ವಾರ ದೇವದೂತ, ಎರಡನೇ ವಾರ ಪ್ರಯಾಣ, ಮೂರನೇ ವಾರ ಕುರುಬರು, ನಾಲ್ಕನೇ ವಾರ ಕೊಟ್ಟಿಗೆ. ಗೋದಲಿಗೆ ಹುಲ್ಲು ಹಾಸುವ ಕೆಲಸ ಮಗುವಿನದು.

ನೋಹನ ಕಥೆಯನ್ನು ಮಾತ್ರ ಕೊಡಗಿನಲ್ಲಿ ಮಳೆಗಾಲದಲ್ಲಿ ಹೇಳಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜಿಲ್ಲೆ ಇದು. ಹಿರಿಯರ ಮಾತಿನಲ್ಲಿ ಆ ಭಯ ಇನ್ನೂ ಇದೆ, ಮಕ್ಕಳು ಅದನ್ನು ಕೇಳಿಸಿಕೊಂಡಿರುತ್ತಾರೆ. ಶೀಟಿನ ಮೇಲೆ ಮಳೆ ಬಡಿಯುತ್ತಿರುವ ರಾತ್ರಿ "ಲೋಕವೆಲ್ಲ ಮುಳುಗಿತು" ಎಂದರೆ ನಾಲ್ಕು ವರ್ಷದ ಮಗು ನಿದ್ದೆ ಬಿಡುತ್ತದೆ. ಹೂಮಳೆ ಬಿದ್ದು, ಬಿಸಿಲು ಬಂದು, ಕಾಮನಬಿಲ್ಲು ಕಾಣುವ ಏಪ್ರಿಲ್‌ಗೆ ಅದನ್ನು ಇಟ್ಟುಕೊಳ್ಳಿ. ಮಳೆಯ ರಾತ್ರಿಗೆ ಹೊಂದುವುದು ಯೇಸು ಬಿರುಗಾಳಿಯನ್ನು ಸುಮ್ಮನಾಗಿಸಿದ ಕಥೆ. ಹಾಗೆಯೇ ಶುಭ ಶುಕ್ರವಾರ ಐದರೊಳಗಿನ ಮಕ್ಕಳಿಗೆ ಸಾವನ್ನು ಮುಚ್ಚಿಡುವುದೂ ಬೇಡ, ರಕ್ತ ಕಾಣುವ ಸಿನಿಮಾ ತೋರಿಸುವುದೂ ಬೇಡ. "ಯೇಸುಸ್ವಾಮಿ ಸತ್ತರು, ಮೂರನೇ ದಿನ ಎದ್ದರು" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ.

ಪ್ರಾರ್ಥನೆ ಕಲಿಸುವಾಗ

ಮೂರು ವರ್ಷದ ಮಗುವಿಗೆ ಊಟದ ಮುಂಚಿನ ಒಂದು ಸಾಲು ಸಾಕು. ರಾತ್ರಿ "ಇವತ್ತು ಯಾವುದಕ್ಕೆ ಥ್ಯಾಂಕ್ಸ್ ಹೇಳೋಣ" ಎಂದು ಕೇಳಿ, ಮೂರು ವಿಷಯ ಅದೇ ಹೇಳಲಿ. ಕರುವಿಗೆ, ಬಸ್ಸಿಗೆ, ಚಪ್ಪಲಿಗೆ ಕೃತಜ್ಞತೆ ಹೇಳಿದರೂ ತಡೆಯಬೇಡಿ. ಕಥೋಲಿಕ ಮನೆಗಳಲ್ಲಿ ಶಿಲುಬೆಯ ಗುರುತು ಕಲಿಸುವಾಗ ಎದುರಿಗೆ ನಿಂತರೆ ಮಗು ಕನ್ನಡಿಯ ಹಾಗೆ ಎಡಗೈ ಎತ್ತುತ್ತದೆ. ಅದರ ಹಿಂದೆ ಕೂತು, ಬಲಗೈ ಹಿಡಿದು, ಹಣೆ, ಎದೆ, ಎಡ ಭುಜ, ಬಲ ಭುಜ ಎಂದು ಮುಟ್ಟಿಸಿ.

'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ನಾಲ್ಕರ ನಂತರ ವಾರಕ್ಕೊಂದು ಸಾಲಿನಂತೆ ಕಲಿಸಿ, ಎರಡೂವರೆ ಮೂರು ತಿಂಗಳಲ್ಲಿ ಬರುತ್ತದೆ. ಕಥೋಲಿಕ ಪಾಠಕ್ಕೂ ಪ್ರೊಟೆಸ್ಟಂಟ್ ಪಾಠಕ್ಕೂ ಪದಗಳಲ್ಲಿ ವ್ಯತ್ಯಾಸವಿದೆ. ನಿಮ್ಮ ಚರ್ಚಿನಲ್ಲಿ ಹೇಳುವ ಪಾಠವನ್ನೇ ಹಿಡಿಯಿರಿ, ಇಲ್ಲವಾದರೆ ಭಾನುವಾರ ಎಲ್ಲರ ಜೊತೆ ಹೇಳುವಾಗ ಮಗು ತೊಡರುತ್ತದೆ.

"ದೇವರು ಕಣ್ಣು ಕೀಳ್ತಾನೆ" ಎಂಬ ಬೆದರಿಕೆ ನಮ್ಮ ಊರುಗಳ ಎಲ್ಲ ಜಾತಿ ಧರ್ಮದ ಮನೆಗಳಲ್ಲೂ ಇದೆ. "ಯೇಸು ನೋಡ್ತಾ ಇದ್ದಾರೆ, ಹೊಡೀತಾರೆ" ಎಂಬುದು ಅದರದ್ದೇ ತಮ್ಮ. ಮನೆಯಲ್ಲಿ ಯಾರೂ ಇದನ್ನು ಆಡಬಾರದು, ಅಜ್ಜಿಯೂ ಕೂಡ. ಅವರಿಗೆ ಮಗುವಿನ ಮುಂದಲ್ಲ, ಪ್ರತ್ಯೇಕವಾಗಿ ಕೂತು ಹೇಳಿ. ಆರು ವರ್ಷದವರೆಗೆ ಮಗು ಕಲಿಯಬೇಕಾದ ಒಂದೇ ದೇವಶಾಸ್ತ್ರ ದೇವರು ಪ್ರೀತಿಸ್ವರೂಪಿ ಎಂಬುದು.

ಪೆನ್ಸಿಲ್ ಹಿಡಿಯುವ ಮೊದಲು ಕೈ

ಬರೆಯುವ ಶಕ್ತಿ ಭುಜದಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ, ಕೊನೆಗೆ ಬೆರಳಿಗೆ ಇಳಿಯುತ್ತದೆ. ನಾಲ್ಕಕ್ಕೆ ಮುಂಚೆ ಪೆನ್ಸಿಲ್ ಕೊಟ್ಟರೆ ಮಗು ಅದನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಬರೆಯುತ್ತದೆ, ಆ ಹಿಡಿತವೇ ಅಭ್ಯಾಸವಾಗುತ್ತದೆ. ಅದನ್ನು ಬಿಡಿಸಲು ಆಮೇಲೆ ಬಹಳ ಕಷ್ಟಪಡಬೇಕು.

ಮೂರನೇ ವರ್ಷದಲ್ಲಿ ದೊಡ್ಡ ಚಲನೆಯ ಕೆಲಸ: ಕಣದ ಸಿಮೆಂಟಿನ ಮೇಲೆ ಬಕೆಟ್ ನೀರು ಮತ್ತು ಸುಣ್ಣ ಬಳಿಯುವ ಹಳೆಯ ಬ್ರಷ್ ಕೊಟ್ಟು ಗೆರೆ ಎಳೆಸುವುದು, ಬಟ್ಟೆ ಹಿಂಡುವುದು, ಹಿಟ್ಟು ನಾದುವುದು. ನಾಲ್ಕರಲ್ಲಿ ಬೆರಳಿನ ಕೆಲಸ: ಅವರೆಕಾಯಿ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು, ಬಟ್ಟೆ ಕ್ಲಿಪ್ ಹಾಕುವುದು, ಚಿಮಟದಿಂದ ಕಿತ್ತಳೆ ತೊಳೆ ಎತ್ತಿಡುವುದು. ಕಡಂಬುಟ್ಟು ಮಾಡುವ ದಿನ ಇವೆಲ್ಲದರ ಹಬ್ಬ. ಒಂದು ಪಾವು ಅಕ್ಕಿ ತರಿಗೆ ಎರಡು ಪಾವು ನೀರು, ಉಪ್ಪು, ಏಲಕ್ಕಿ ಹಾಕಿ ಬೇಯಿಸಿ. ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಮಗುವಿನ ಅಂಗೈಗೆ ತುಪ್ಪ ಸವರಿ ಉಂಡೆ ಕಟ್ಟಿಸಿ. ಬಿಸಿ ಇರುವಾಗ ಕೊಟ್ಟರೆ ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ತೀರಾ ತಣ್ಣಗಾದರೆ ಉಂಡೆ ಬಿರುಕು ಬಿಡುತ್ತದೆ. ಹಬೆಗೆ ಇಡುವ ಮೊದಲು ಮನೆಯಲ್ಲಿರುವವರಿಗೆ ಒಬ್ಬೊಬ್ಬರಿಗೆ ಮೂರರಂತೆ ಎಷ್ಟು ಎಂದು ಎಣಿಸಲಿ.

ಆಡಲು ಹಿಟ್ಟು ಬೇಕೆಂದರೆ ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಮುಕ್ಕಾಲು ಲೋಟ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಾದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹಿಟ್ಟು ನಮ್ಮಲ್ಲಿ ಮಾರನೇ ದಿನಕ್ಕೇ ಅಂಟಂಟಾಗುತ್ತದೆ, ಏಕೆಂದರೆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಲು ಪಾಲು ಮಾತ್ರ ಮಾಡಿ ಫ್ರಿಜ್ಜಿನಲ್ಲಿಡಿ, ಇಲ್ಲವೇ ಗದ್ದೆಯ ಜೇಡಿ ಮಣ್ಣನ್ನೇ ಬಳಸಿ.

ಕೈ ಸಿದ್ಧವಾಯಿತೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ನೀವು ಬರೆದದ್ದನ್ನು ನೋಡಿಕೊಂಡು ಮಗು ಸುಮಾರು ಮೂರಕ್ಕೆ ವೃತ್ತ, ನಾಲ್ಕಕ್ಕೆ ಶಿಲುಬೆಯಂತೆ ಅಡ್ಡ ಉದ್ದ ಗೆರೆ, ನಾಲ್ಕೂವರೆಯಿಂದ ಐದರೊಳಗೆ ಚೌಕ, ಐದಕ್ಕೆ ತ್ರಿಕೋನ ಬರೆಯುತ್ತದೆ. ಚೌಕದ ಮೂಲೆ ತಿರುಗಿಸಲು ಬಂದ ಮೇಲೆ ಪೆನ್ಸಿಲ್ ಕೊಡಿ. ಅಲ್ಲಿಯವರೆಗೆ ಸ್ಲೇಟು, ತುಂಡು ಬಳಪ, ದಪ್ಪ ಮೇಣದ ಬಣ್ಣ. ಬಳಪ ತುಂಡಾಗಿಯೇ ಇರಬೇಕು, ಉದ್ದ ಇದ್ದರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ.

ಕಾಳು, ಬೀಜ, ಎಣಿಕೆ

ಇಲ್ಲಿ ಅಪಾಯವಿದೆ, ಸ್ವಲ್ಪ ನಿಧಾನವಾಗಿ ಓದಿ. ಎಣಿಕೆಗೆ ಕಾಫಿ ಬೀಜ, ಮೆಣಸಿನ ಕಾಳು, ಹುಣಸೆ ಬೀಜ ಕೈಗೆ ಸುಲಭವಾಗಿ ಸಿಗುತ್ತವೆ. ನಾಲ್ಕು ವರ್ಷದೊಳಗಿನ ಮಗುವಿಗೆ ಇವು ಒಂದೂ ಬೇಡ. ಬಾಯಿಗಷ್ಟೇ ಅಲ್ಲ, ಮೂಗಿಗೆ, ಕಿವಿಗೂ ತುರುಕಿಕೊಳ್ಳುತ್ತಾರೆ. ಹಾಗಾದರೆ ಬೆರಳಿನಿಂದಲೋ ಪಿನ್ನಿನಿಂದಲೋ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ನೇರ ಆಸ್ಪತ್ರೆಗೆ ಹೋಗಿ. ಅಳಗುಳಿ ಮಣೆಗೆ ಕೆಲವರು ಗುಲಗಂಜಿ ಬಳಸುತ್ತಾರೆ. ಗುಲಗಂಜಿಯನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ, ಹರಳು ಬೀಜವೂ ಹಾಗೇ. ಮಕ್ಕಳಿರುವ ಮನೆಯಲ್ಲಿ ಈ ಎರಡನ್ನೂ ಅಲಂಕಾರಕ್ಕೂ ಇಡಬೇಡಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಅದು ಬೀಗದೊಳಗಿರಲಿ.

ಚಿಕ್ಕವರ ಎಣಿಕೆಗೆ ಸಿಪ್ಪೆ ಸಹಿತದ ಅಡಿಕೆ, ಕಿತ್ತಳೆ, ಚಮಚ, ಮುಚ್ಚಳ ಸಾಕು. ಬಾಯಿಪಾಠವಾಗಿ ಇಪ್ಪತ್ತರವರೆಗೆ ಹೇಳುವ ಮಗು ಏಳು ಕಿತ್ತಳೆಯನ್ನು ಒಂಬತ್ತು ಎಂದು ಎಣಿಸುವುದು ಸಾಮಾನ್ಯ, ಏಕೆಂದರೆ ಬಾಯಿ ಬೆರಳಿಗಿಂತ ಬೇಗ ಓಡುತ್ತದೆ. ಒಂದೊಂದನ್ನು ಎತ್ತಿ ಬುಟ್ಟಿಗೆ ಹಾಕುತ್ತಾ ಎಣಿಸಿದರೆ ತಪ್ಪು ತಾನಾಗಿ ಹೋಗುತ್ತದೆ. "ಐದು ತಟ್ಟೆ ತಗೊಂಡು ಬಾ" ಎಂದಾಗ ಸರಿಯಾಗಿ ಐದು ತಂದರೆ ಐದು ಬಂತು ಎಂದರ್ಥ. ಐದು ತುಂಬುವ ಹೊತ್ತಿಗೆ ಹತ್ತರವರೆಗೆ ಹೀಗೆ ಗಟ್ಟಿಯಾದರೆ ಬೇಕಾದಷ್ಟಾಯಿತು. ನೂರರವರೆಗೆ ಬರೆಸುವುದು ಈ ವಯಸ್ಸಿನ ಕೆಲಸವಲ್ಲ.

ಅಕ್ಷರ

ನಾಲ್ಕರಿಂದಲೇ ಕಿವಿಯ ಆಟ ಶುರುವಾಗಲಿ. ಪದಕ್ಕೆ ತಕ್ಕಂತೆ ಚಪ್ಪಾಳೆ: ಕಾ-ಫಿ ಎರಡು, ಮೆ-ಣ-ಸು ಮೂರು, ಮ-ಡಿ-ಕೇ-ರಿ ನಾಲ್ಕು, ಯೇ-ಸು ಎರಡು. ಆಮೇಲೆ 'ಮ'ದಿಂದ ಶುರುವಾಗುವ ಹೆಸರು ಹೇಳುವ ಆಟ. ಇದು ಸಲೀಸಾದ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ.

ಐದರ ಸುಮಾರಿಗೆ ಅಕ್ಷರ ಹಿಡಿಯುವಾಗ ಅ ಆ ಇ ಈ ಕ್ರಮದಲ್ಲಿ ಹೋಗಬೇಡಿ. ಸ್ವರ ಮುಗಿಸಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಓದಲು ಪದವೇ ಸಿಗದೆ ಮಗು ಬೇಸತ್ತಿರುತ್ತದೆ. ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಬಳಸುವ 'ರ ಗ ಸ ದ ಅ' ಕ್ರಮ ಎಷ್ಟೋ ವಾಸಿ. ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ. ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ದಸರ, ಗರಗಸ ಓದಬಹುದು. ಮುಂದಿನ ಗುಂಪು ಜ ವ ಮ ಬ ನ. ಆಗ ಮರ, ದನ, ಜನ, ಬಸವ ಸಿಗುತ್ತವೆ.

ವಾರಕ್ಕೆ ಒಂದೇ ಅಕ್ಷರ. ಅಂಚಿರುವ ತಟ್ಟೆಯಲ್ಲಿ ಅರ್ಧ ಬೆರಳಿನಷ್ಟು ರವೆ ಹರಡಿ, ನೀವು ತೋರುಬೆರಳಿನಿಂದ ಬರೆದು ತೋರಿಸಿ, ಮಗು ಅದರ ಮೇಲೇ ಬೆರಳಾಡಿಸಲಿ, ತಟ್ಟೆ ಅಲುಗಿಸಿ ಅಳಿಸಲಿ, ಮತ್ತೆ ಬರೆಯಲಿ. ಅಳಿಸುವುದೇ ಅವರಿಗೆ ದೊಡ್ಡ ಖುಷಿ, ತಪ್ಪಾಯಿತೆಂಬ ಭಯ ಅದರಲ್ಲೇ ಕರಗುತ್ತದೆ. ಮ ಮತ್ತು ವ, ದ ಮತ್ತು ಡ, ಬ ಮತ್ತು ಭ ಇವುಗಳಲ್ಲಿ ಗೊಂದಲ ಸಹಜ. ಜೋಡಿಯ ಎರಡನ್ನೂ ಒಟ್ಟಿಗೆ ಕಲಿಸಬೇಡಿ, ಒಂದು ಗಟ್ಟಿಯಾಗಿ ಮೂರು ವಾರವಾದ ಮೇಲೆ ಇನ್ನೊಂದು ತನ್ನಿ. ಕಾಗುಣಿತ, ಒತ್ತಕ್ಷರಗಳನ್ನು ಒಂದನೇ ತರಗತಿಗೆ ಬಿಡಿ.

"ಪಕ್ಕದ ಮನೆಯ ಮಗು ಆಗಲೇ ಎಬಿಸಿಡಿ ಬರೆಯುತ್ತೆ" ಎಂಬ ಮಾತು ಬಂದೇ ಬರುತ್ತದೆ. ಅಂಥ ದಿನ ಮಗುವಿಗೆ ಹೊಸ ಪಾಠ ಹೇರಬೇಡಿ, ಅದು ಹೇಳಿದ ಕಥೆಗಳನ್ನು ಬರೆದಿಟ್ಟ ನೋಟ್‌ಬುಕ್ ತೆಗೆದು ನೀವೇ ಓದಿಕೊಳ್ಳಿ.

ಮಳೆ, ಕಾಫಿ ಕೊಯ್ಲು

ಮಳೆಗಾಲದಲ್ಲಿ ಮಗು ಹೊರಗೆ ಹೋಗದೆ ಇದ್ದರೆ ಮೂರನೇ ದಿನಕ್ಕೆ ಮನೆಯಲ್ಲಿ ರಂಪ ಶುರು. ಮಳೆ ಬಿಟ್ಟು ಹೊಳವಾದ ಅರ್ಧ ಗಂಟೆಗೆ ಕಾದಿದ್ದು, ಗಂಬೂಟ್ ಹಾಕಿಸಿ ಅಂಗಳಕ್ಕಾದರೂ ಬಿಡಿ. ಜಿಗಣೆ ಹತ್ತಿದರೆ ಎಳೆಯದೆ ಉಗುರಿನಿಂದ ಚರ್ಮದ ಮಟ್ಟದಲ್ಲೇ ಸರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆಯಿರಿ. ಪುಸ್ತಕಗಳು ಬೂಷ್ಟು ಹಿಡಿಯದಂತೆ ಸ್ಟೀಲ್ ಟ್ರಂಕಿನಲ್ಲಿಟ್ಟು, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ಇಡಿ. ಬಿಸಿಲು ಬಂದ ದಿನ ಇದ್ದಿಲನ್ನು ಒಣಗಿಸಿ ಮತ್ತೆ ಬಳಸಬಹುದು. ಮನೆಯೊಳಗಿನ ಪ್ರಯೋಗಕ್ಕೆ ಅರಿಶಿನ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಕೆಂಪಾಗುವುದನ್ನು ತೋರಿಸಿ, ನಿಂಬೆರಸ ಹಿಂಡಿ ಮತ್ತೆ ಹಳದಿ ಮಾಡಿ. ಸುಣ್ಣದಿಂದಲೂ ಕೆಂಪಾಗುತ್ತದೆ, ಆದರೆ ಕಣ್ಣಿಗೆ ಸಿಡಿದರೆ ಸುಡುತ್ತದೆ, ಬೇಡ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ದೊಡ್ಡವರಿಗೆ ಪುರುಸೊತ್ತಿಲ್ಲ. ಆ ಮೂರು ತಿಂಗಳು ಅಕ್ಷರ, ಲೆಕ್ಕ ಎಲ್ಲ ಬದಿಗಿಡಿ. ರಾತ್ರಿಯ ಕಥೆ ಮತ್ತು ಪ್ರಾರ್ಥನೆಯನ್ನು ಮಾತ್ರ ಬಿಡಬೇಡಿ. ಕಣದಲ್ಲಿ ಹಣ್ಣು ಕಾಫಿಯಿಂದ ಹಸಿರು ಕಾಯಿ ಆರಿಸುವ ಐದು ವರ್ಷದ ಮಗು ಕಲಿಯುತ್ತಲೇ ಇರುತ್ತದೆ.

ಬೇರೆ ಮಕ್ಕಳು

ಮನೆಯಲ್ಲಿ ಕಲಿಯುವ ಮಗುವಿಗೆ ನಿಜವಾಗಿ ಕೊರತೆಯಾಗುವುದು ಜೊತೆಗಾರರದ್ದು. ಭಾನುವಾರದ ಸಂಡೇ ಸ್ಕೂಲೋ ಧರ್ಮೋಪದೇಶವೋ ವಾರಕ್ಕೆ ಒಂದು ಗಂಟೆ ಮಾತ್ರ, ಸಾಲದು. ವಾರಕ್ಕೆ ಎರಡು ದಿನವಾದರೂ ಎರಡು ಮೂರು ಮಕ್ಕಳು ಸೇರಿ ಆಡಬೇಕು. ತೋಟದ ಕೆಲಸಗಾರರ ಲೈನ್‌ಮನೆಯ ಮಕ್ಕಳನ್ನೂ ಕರೆಯಿರಿ, ನಿಮ್ಮ ಮಗುವಿಗೆ ಕಾಡಿನ ಹಕ್ಕಿ ಹಣ್ಣುಗಳ ಹೆಸರು ಅವರಿಂದಲೇ ಸಿಗುತ್ತದೆ. ಪುತ್ತರಿ ಸುಗ್ಗಿ ಹಬ್ಬದ ದಿನ ನೀವು ಪಕ್ಕದ ಕೊಡವ ಮನೆಗೆ, ಕ್ರಿಸ್ಮಸ್ ದಿನ ಅವರು ನಿಮ್ಮ ಮನೆಗೆ ಬಂದು ಹೋಗುವುದೂ ಕಲಿಕೆಯೇ. ಐದು ದಾಟಿದವರನ್ನು 1792ರ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ, ಮಡಿಕೇರಿ ಕೋಟೆಯೊಳಗೆ ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಚರ್ಚಿಗೆ ಕರೆದುಕೊಂಡು ಹೋಗಿ. ಕೋಟೆಯ ಎರಡು ಗಾರೆ ಆನೆಗಳ ಮುಂದೆ ಅವರು ಎಷ್ಟು ಹೊತ್ತು ನಿಂತರೂ ಅವಸರಿಸಬೇಡಿ.

ಶಾಲೆಯ ಟೀಚರ್ ಗಮನಿಸಿ ಹೇಳುವಂಥದ್ದನ್ನು ಇಲ್ಲಿ ನೀವೇ ಗಮನಿಸಬೇಕು. ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಮಾತಾಡದಿದ್ದರೆ, ನಾಲ್ಕಕ್ಕೆ ಹೊರಗಿನವರಿಗೆ ಅದರ ಮಾತು ಅರ್ಥವಾಗದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಬಂದ ಮಾತು ನಿಂತುಹೋದರೆ, "ಇವರಪ್ಪನೂ ತಡವಾಗಿ ಮಾತಾಡಿದ್ದು" ಎಂದು ಕಾಯಬೇಡಿ. ಮೊದಲು ಮಕ್ಕಳ ವೈದ್ಯರು, ಆಮೇಲೆ ಅಗತ್ಯವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಪ್ರಾರ್ಥನೆಯ ಜೊತೆಗೆ ಬಸ್ಸೂ ಹತ್ತಿ.

ಒಂದು ನೋಟ್‌ಬುಕ್

ಇನ್ನೂರು ಪುಟದ ಒಂದೇ ನೋಟ್‌ಬುಕ್ ಸಾಕು. ಶನಿವಾರ ರಾತ್ರಿ ಹತ್ತು ಸಾಲು ಬರೆಯಿರಿ: ದಿನಾಂಕ, ವಾರದ ಕಥೆ, ಮಗು ಹೊಸದಾಗಿ ಆಡಿದ ಮಾತು, ಎಷ್ಟರವರೆಗೆ ಎಣಿಸಿತು, ಎಲ್ಲಿ ಬೇಸತ್ತು ಎದ್ದುಹೋಯಿತು. ಆರು ತಿಂಗಳಿಗೊಮ್ಮೆ ಒಂದು ಚಿತ್ರವನ್ನು ಅಂಟಿಸಿ.

ಆರು ತುಂಬುವ ವರ್ಷದ ಜನವರಿಯಲ್ಲೇ ಜನನ ಪ್ರಮಾಣಪತ್ರ, ಆಧಾರ್, ಲಸಿಕೆಯ ಕಾರ್ಡ್ ಒಂದು ಕವರಿಗೆ ಹಾಕಿಡಿ. ಒಂದನೇ ತರಗತಿಗೆ ಸೇರಿಸುವಾಗ ಮಗುವಿಗೆ ಪ್ರವೇಶ ಪರೀಕ್ಷೆಯಾಗಲಿ ಸಂದರ್ಶನವಾಗಲಿ ನಡೆಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಎಲ್‌ಕೆಜಿ, ಯುಕೆಜಿ ಎಲ್ಲಿ ಓದಿದ್ದು ಎಂದು ಕೇಳಿದರೆ "ಮನೆಯಲ್ಲಿ" ಎಂದು ನೇರವಾಗಿ ಹೇಳಿ, ನೋಟ್‌ಬುಕ್ ತೋರಿಸಿ. ಶಾಲೆ ಶುರುವಾಗುವ ಎರಡು ತಿಂಗಳ ಮುಂಚೆ ಮೂರು ಅಭ್ಯಾಸ ಮಾಡಿಸಿ: ಟಿಫಿನ್ ಡಬ್ಬಿಯ ಮುಚ್ಚಳ ತಾನೇ ತೆಗೆಯುವುದು, ಶೌಚಕ್ಕೆ ಹೋಗಬೇಕೆಂದು ಹೊರಗಿನವರಿಗೆ ಬಾಯಿಬಿಟ್ಟು ಹೇಳುವುದು, ರೇನ್‌ಕೋಟಿನ ಗುಂಡಿ ತಾನೇ ಹಾಕಿಕೊಳ್ಳುವುದು. ಜೂನ್‌ನಲ್ಲಿ ಮೊದಲು ಬೇಕಾಗುವುದು ಆ ಮೂರನೆಯದು.